ಹಬ್ಬದ ಮರುದಿನದ ಲಾಂಚು

ಆಗಸ್ಟ್ ೨೮

ಮಗಳೇ,

ನಿನ್ನ ಕೈಬರಹ ಕಾಣದೆ ಎರಡು ತಿಂಗಳ ಮೇಲಾಯಿತು. ಲಾಂಚು ನಡೆಸುವ ಗೊಣಗಣ್ಣ ನಿನಗೆ ನೆನಪಿದ್ದಾನಲ್ಲ, ಗಾಳಿ ಎದ್ದರೆ ಎದ್ದಿದ್ದಕ್ಕೆ, ಬಿದ್ದರೆ ಬಿದ್ದಿದ್ದಕ್ಕೆ ಗೊಣಗುವವನು. ಪ್ರತಿ ಸಲ ಟಪಾಲಿನ ಚೀಲ ಇಳಿಸುವಾಗ ನನ್ನ ಮುಖ ನೋಡುತ್ತಾನೆ. "ಇಲ್ಲಮ್ಮ, ನಿಮ್ದಿಲ್ಲ" ಅನ್ನುತ್ತಾನೆ. ಆ ಮಾತನ್ನು ಮಾತ್ರ ಗೊಣಗದೆ ಮೆಲ್ಲಗೆ ಹೇಳುತ್ತಾನೆ. ಅದೇ ನನಗೆ ಕಷ್ಟ.

ಈ ಸಲ ಬಂದರಿನ ಹಬ್ಬಕ್ಕೆ ನಾನು ಬರುತ್ತೇನೆ. ನಿನ್ನನ್ನು ಕೇಳುತ್ತಿಲ್ಲ, ಹೇಳುತ್ತಿದ್ದೇನೆ. ನಿನ್ನ ಅಪ್ಪ ಹೋದಮೇಲೆ ಬೇಕರಿಯ ಭಟ್ಟಿ ಒಂದು ದಿನವೂ ಆರಿದ್ದಿಲ್ಲ. ಈಗ ಮೂರು ದಿನ ಆರಿಸುತ್ತೇನೆ. ಸುದ್ದಿ ತಿಳಿದು ದ್ವೀಪವೆಲ್ಲ ಗುಲ್ಲು. ಶಾಲೆಯ ಮೇಷ್ಟ್ರು ಅಂಗಡಿಗೇ ಬಂದು, "ಅಲ್ಲಮ್ಮ, ಮೂರು ದಿನ ಬ್ರೆಡ್ಡಿಲ್ದೆ ನಾವೇನು ಮಾಡೋದು?" ಅಂದರು. "ಹಲ್ಲಿಗೂ ಒಂದಿಷ್ಟು ರಜೆ ಕೊಡಿ ಮೇಷ್ಟ್ರೇ" ಅಂದೆ.

ಬಟಾಣಿಗೆ ಈಗ ಆರು ತುಂಬಿರಬೇಕು. ಹುಟ್ಟಿದಾಗ ನನ್ನ ಎರಡು ಅಂಗೈ ಕೂಡಿಸಿದರೆ ಅದರೊಳಗೆ ಮಲಗುವಷ್ಟಿದ್ದಳು, ಅದಕ್ಕೇ ಆ ಹೆಸರಿಟ್ಟೆ. ಹೆರಿಗೆಯಾದ ಮೇಲೆ ನಿನ್ನ ಮನಸ್ಸು ಕೆಟ್ಟು ನೀನು ಆಸ್ಪತ್ರೆ ಸೇರಿದ್ದು, ಅಷ್ಟರೊಳಗೆ ನಿನ್ನ ಗಂಡನಾಗಿದ್ದ ಆ ಗೋದಾಮಿನ ಗುಮಾಸ್ತ ಕೋರ್ಟಿಗೆ ಹೋಗಿ ಮಗುವನ್ನು ತನ್ನದು ಮಾಡಿಕೊಂಡದ್ದು, ಅದನ್ನೆಲ್ಲ ನಾನು ಬರೆಯುವುದಿಲ್ಲ. ಬರೆದರೆ ಆ ಇಡೀ ದಿನ ಹಿಟ್ಟು ಉಬ್ಬುವುದಿಲ್ಲ, ನೋಡಿದ್ದೇನೆ.

ಅವಳಿಗೆ ಏನಿಷ್ಟ ಬರೆ. ಸಿಹಿ ಬನ್ನೋ, ಬಿಸ್ಕತ್ತೋ? ಒಣದ್ರಾಕ್ಷಿ ಹಾಕಿದರೆ ತಿನ್ನುತ್ತಾಳೋ, ಇಲ್ಲ ಆರಿಸಿ ಎಸೆಯುತ್ತಾಳೋ? ನೀನು ಎಸೆಯುತ್ತಿದ್ದೆ.

ನಿನ್ನ ಅಮ್ಮ


ಸೆಪ್ಟೆಂಬರ್ ೬

ಅಮ್ಮ,

ಒಣದ್ರಾಕ್ಷಿಯ ವಿಷಯ ನನಗೆ ಗೊತ್ತಿಲ್ಲ.

ಬರಬೇಡ ಅಂದರೆ ಬೇಜಾರಾಗಬೇಡ. ಹಬ್ಬದ ದಿನ ಈ ಊರಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನನ್ನ ರೂಮು ನಿನ್ನ ಭಟ್ಟಿಗಿಂತ ಒಂದು ಗೇಣು ದೊಡ್ಡದಿರಬಹುದು, ಅಷ್ಟೇ. ಕೆಳಗೆ ಹಗ್ಗದಂಗಡಿ. ಹೊಸ ಹಗ್ಗಕ್ಕೆ ಹಚ್ಚುವ ಟಾರಿನ ವಾಸನೆ ಏಣಿ ಹತ್ತಿ ಮೇಲೆ ಬಂದು ನನ್ನ ಜೊತೆಗೇ ಮಲಗುತ್ತದೆ. ಕೆಲಸ ಅದೇ, ಹಡಗುಗಳ ಲಾಂಡ್ರಿ. ಯಾವ ಯಾವ ದೇಶದ ಗಂಡಸರೋ ಮಲಗಿದ್ದ ಹಾಸಿಗೆ ಬಟ್ಟೆ ರಾಶಿ ರಾಶಿ ಬರುತ್ತದೆ. ಒಗೆದು, ಹಬೆಯ ಯಂತ್ರದಲ್ಲಿ ಒತ್ತಿ, ಮಡಚಿ ಕಳಿಸುತ್ತೇವೆ. ಅಂಗೈಯಲ್ಲಿ ಚರ್ಮ ಉಳಿದಿಲ್ಲ ಅನ್ನುವುದು ಬಿಟ್ಟರೆ ಚೆನ್ನಾಗಿದ್ದೇನೆ.

ಬರೆಯದೆ ಇದ್ದದ್ದಕ್ಕೆ ಕಾರಣ, ಬರೆಯಲು ಏನೂ ಇರಲಿಲ್ಲ. ಪ್ರತಿ ತಿಂಗಳು ಮೊದಲ ಭಾನುವಾರ ಮಗುವನ್ನು ತೋರಿಸಬೇಕು ಅಂತ ಕೋರ್ಟು ಹೇಳಿದೆ. ಪ್ರತಿ ತಿಂಗಳು ಹೋಗುತ್ತೇನೆ. ಬಾಗಿಲಲ್ಲಿ ಅವಳ ಅಪ್ಪ ನಿಲ್ಲುತ್ತಾರೆ. ಜ್ವರ ಬಂದಿದೆ, ಪರೀಕ್ಷೆ ಇದೆ, ನೆಂಟರ ಮನೆಗೆ ಹೋಗಿದ್ದಾಳೆ. ಕಳೆದ ಸಲ ನಡುಮಧ್ಯಾಹ್ನ "ಮಲಗಿದ್ದಾಳೆ" ಅಂದರು. ಒಳಗೆ ಯಾರೋ ಹಗ್ಗದಾಟದಲ್ಲಿ ಕುಪ್ಪಳಿಸುವ ಸದ್ದು ಬರುತ್ತಿತ್ತು. ಮಲಗಿದ್ದಾಳೆ ಅಂದರೆ ಮಲಗಿದ್ದಾಳೆ. ಜೋರು ಮಾಡಿದರೆ "ನೋಡಿ, ಹುಚ್ಚು ಇನ್ನೂ ಬಿಟ್ಟಿಲ್ಲ" ಅನ್ನಲು ಅವರಿಗೆ ಸಾಕು.

ಆದರೆ ಮೊನ್ನೆ ಅವರೇ ಲಾಂಡ್ರಿಗೆ ಹೇಳಿಕಳಿಸಿದ್ದಾರೆ. ಹಬ್ಬದ ದಿನ ಮಧ್ಯಾಹ್ನ ಬಂದರು ಕಚೇರಿಯ ಗಡಿಯಾರದ ಕೆಳಗೆ ಕರೆದುಕೊಂಡು ಬರುತ್ತಾರಂತೆ. ಕತ್ತಲಾಗುವ ತನಕ ನನ್ನ ಜೊತೆ ಇರಬಹುದಂತೆ. ಯಾಕೆ ಒಮ್ಮೆಲೇ ಇಷ್ಟು ಒಳ್ಳೆಯವರಾದರೋ ಗೊತ್ತಿಲ್ಲ. ಬರೆದರೆ ತಪ್ಪಿಹೋಗುತ್ತದೇನೋ ಅಂತ ಭಯ.

ಅದಕ್ಕೇ ಬರಬೇಡ ಅಂದೆ. ಅವರು ಮಾತು ತಪ್ಪಿದರೆ ಅಲ್ಲಿ ನಿಂತಿರುವ ನನ್ನನ್ನು ನೀನು ನೋಡಬಾರದು.

ಮಗಳು


ಸೆಪ್ಟೆಂಬರ್ ೧೪

ಮಗಳೇ,

ಹಾಗಾದರೆ ಖಂಡಿತ ಬರುತ್ತೇನೆ. ಮಾತು ತಪ್ಪಿದರೆ ಇಬ್ಬರೂ ನಿಂತಿರೋಣ.

ಅರ್ಧ ಬನ್ನಿಗೆ ಒಣದ್ರಾಕ್ಷಿ ಹಾಕುತ್ತೇನೆ, ಅರ್ಧಕ್ಕೆ ಹಾಕುವುದಿಲ್ಲ.

ಅಮ್ಮ


ಸೆಪ್ಟೆಂಬರ್ ೨೧

ಅಮ್ಮ,

ಸರಿ, ಬಾ. ಬೆಳಗಿನ ಲಾಂಚಿಗೇ ಬಾ, ಮಧ್ಯಾಹ್ನದ್ದು ತುಂಬಿ ತುಳುಕುತ್ತದೆ. ಇಳಿಯುವಾಗ ಅವಸರ ಮಾಡಬೇಡ, ಮೆಟ್ಟಿಲಲ್ಲಿ ಪಾಚಿ ಇರುತ್ತದೆ. ನಾನು ಹಳದಿ ಬಟ್ಟೆ ತಲೆಗೆ ಕಟ್ಟಿಕೊಂಡು ನಿಂತಿರುತ್ತೇನೆ. ಅವಳ ಮುಂದೆ ಅಳಬಾರದು. ಇಬ್ಬರೂ. ಇದೊಂದು ಮಾತು ಕೊಡು.

ಮಗಳು


ಅಕ್ಟೋಬರ್ ೭

ಅಮ್ಮ,

ನೀನು ಹೊರಟು ಎರಡು ದಿನವೂ ಆಗಿಲ್ಲ, ಆಗಲೇ ಬರೆಯಲು ಕೂತಿದ್ದೇನೆ. ಕಡಲು ಯಾಕೋ ಕಪ್ಪಗಾಗುತ್ತಿದೆ, ನೀನು ಸುಖವಾಗಿ ತಲುಪಿದೆಯೋ ಇಲ್ಲವೋ. ಇವತ್ತು ಲಾಂಡ್ರಿಯಲ್ಲಿ ನಾನು ಹಾಡುತ್ತಿದ್ದೆನಂತೆ. ನನಗೆ ಗೊತ್ತೇ ಆಗಿಲ್ಲ. ಪಕ್ಕದ ಯಂತ್ರದವಳು, "ಏನೇ, ಹಬೆ ನಿನ್ನ ತಲೆಗೇರಿತಾ?" ಅಂದಳು. ಹೌದು ಕಣೇ, ಏರಿತು ಅಂದೆ.

ನೀನು ಕೆಳಗೆ ಬೆಂಚಿನ ಮೇಲೆ ಕೂತಿದ್ದೆ, ನಾವಿಬ್ಬರೇ ಜೈಂಟ್ ವೀಲು ಹತ್ತಿದೆವಲ್ಲ, ಅಲ್ಲಿ ಏನಾಯಿತು ಅಂತ ಹೇಳಲು ನನಗೆ ಆಗ ಬಾಯೇ ಬರಲಿಲ್ಲ. ಈಗ ಹೇಳುತ್ತೇನೆ.

ಗಡಿಯಾರದ ಕೆಳಗೆ ಅವಳು ಬಂದಾಗ ಹೇಗಿದ್ದಳು, ನೀನೇ ನೋಡಿದೆ. ಅವಳ ಅಪ್ಪ ಆಮೇಲೆ ಕಟ್ಟಿಕೊಂಡ ಆ ಹೊಸಬಳ ಸೆರಗು ಬಿಡಲಿಲ್ಲ. ನನ್ನನ್ನು "ಆಂಟಿ" ಅಂದಳು. ನೀನು ಆಚೆ ತಿರುಗಿ ಹಡಗು ನೋಡಿದಂತೆ ಮಾಡಿದೆ, ನಾನು ಕಂಡೆ. ಮೂಗಿನ ತನಕ ಬಂದಿದ್ದ ಅಳು ನುಂಗಿಕೊಂಡು ಮಾತು ಉಳಿಸಿದೆ ನೀನು. ಆಮೇಲೆ ಬ್ಯಾಂಡಿನವರು ಬಂದರು, ದೋಣಿ ಪಂದ್ಯ ಶುರುವಾಯಿತು, ಲಂಗರು ಹಾಕಿದ್ದ ಹಡಗುಗಳೆಲ್ಲ ಒಟ್ಟಿಗೆ ಕೂಗಿದವು. ಆ ಸದ್ದಿಗೆ ಅವಳು ಹೆದರಿ ಹತ್ತಿರವಿದ್ದ ಕೈ ಹಿಡಿದಳು. ಅದು ನನ್ನ ಕೈ. ಹಿಡಿದ ಮೇಲೆ ಬಿಡಲು ಮರೆತಳು.

ವೀಲು ಮೇಲೆ ಹೋಯಿತು. ಇಡೀ ಬಂದರು ಕೆಳಗೆ ಕಂಡಿತು. ಹಡಗುಗಳ ಕಂಬದಿಂದ ಕಂಬಕ್ಕೆ ಕಟ್ಟಿದ್ದ ಬಾವುಟ, ಕಟ್ಟೆಯ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಜನ. ಅವಳು ನನ್ನ ಕಡೆ ತಿರುಗಿ ಕೇಳಿದಳು:

"ಆಂಟಿ, ನಾನು ನಿಮ್ಮ ಹೊಟ್ಟೇಲಿ ಇದ್ದೆನಂತೆ. ಹೌದಾ?"

"ಯಾರು ಹೇಳಿದ್ರು?"

"ಅಮ್ಮ ಹೇಳಿದ್ಳು."

ಆ ಹೊಸಬಳು ಹೇಳಿದ್ದಾಳೆ ಅಮ್ಮ! ನಾನು ಅವಳನ್ನು ಎಷ್ಟು ಬೈದಿದ್ದೇನೆ ಮನಸ್ಸಿನಲ್ಲಿ.

"ಹೌದು ಪುಟ್ಟಿ, ಇದ್ದೆ."

"ಅಲ್ಲಿ ಕತ್ತಲೆ ಇತ್ತಾ?"

"ಇತ್ತು."

"ನಾನು ಅಳ್ತಿದ್ನಾ?"

"ಇಲ್ಲ. ಒದೀತಿದ್ದೆ."

ಅದಕ್ಕೆ ಎಂಥ ನಗು ನಕ್ಕಳು ಅಂತೀಯ! ತೊಟ್ಟಿಲೇ ಅಲ್ಲಾಡಿತು. "ಮತ್ತೆ ಒದ್ದು ತೋರಿಸ್ಲಾ?" ಅಂದು ಬೂಟುಗಾಲಿನಿಂದ ನನ್ನ ಮೊಣಕಾಲಿಗೆ ಒದ್ದಳು. ಮೊಣಕಾಲಲ್ಲಿ ಈಗಲೂ ನೀಲಿ ಕಲೆ ಇದೆ. ಹೋಗದಿರಲಿ ಅಂತ ಬೇಡಿಕೊಳ್ಳುತ್ತಿದ್ದೇನೆ.

ಕೆಳಗಿಳಿದಾಗ ಅವರು, "ಮುಂದಿನ ತಿಂಗಳು ಮೊದಲ ಭಾನುವಾರ ಮನೆಗೇ ಬಾ, ಊಟ ಮಾಡ್ಕೊಂಡು ಹೋಗು" ಅಂದರು. ನನ್ನ ಕಿವಿಯನ್ನೇ ನಾನು ನಂಬಲಿಲ್ಲ. ಅವಳಿಗೆ ಹಗ್ಗದಾಟಕ್ಕೆ ಕೆಳಗಿನ ಅಂಗಡಿಯವರ ಹತ್ತಿರ ಹೇಳಿ ಒಂದು ಒಳ್ಳೆ ಹಗ್ಗ ಮಾಡಿಸುತ್ತಿದ್ದೇನೆ, ಕೈ ಉಜ್ಜದ ಹಾಗೆ ನಯವಾದದ್ದು.

ಒಂದು ಮಾತು ಕೇಳಲೇ? ಮರುದಿನ ಬೆಳಿಗ್ಗೆ ಈಸ್ಟು ತರುತ್ತೇನೆ ಅಂತ ಹೋಗಿ ಬಂದಮೇಲೆ ನೀನು ಮಾತೇ ಆಡಲಿಲ್ಲ. ಲಾಂಚು ಹತ್ತುವಾಗಲೂ ನನ್ನ ಮುಖ ನೋಡಲಿಲ್ಲ. ಈಸ್ಟು ಸಿಗಲಿಲ್ಲವೇ? ಇಲ್ಲ, ನಾನು ಹಿಂದಿನ ದಿನ ನಿನ್ನ ಕಡೆ ಗಮನ ಕೊಡಲಿಲ್ಲ ಅಂತ ಮುನಿಸೇ? ಮುನಿಸಿಕೊಳ್ಳಬೇಡ. ನನಗೆ ಆ ದಿನ ಎರಡೇ ಕಣ್ಣಿದ್ದವು.

ಒಣದ್ರಾಕ್ಷಿ ಅವಳೂ ಆರಿಸಿ ಎಸೆದಳು, ನೋಡಿದೆಯಾ!

ನಿನ್ನ ಮಗಳು


ಅಕ್ಟೋಬರ್ ೮

ಮಗಳೇ,

ಸುಖವಾಗಿ ತಲುಪಿದೆ. ಬರುವ ದಿನದ ಪ್ರಯಾಣದ ವಿಷಯ ನಿನಗೆ ಹೇಳಲೇ ಇಲ್ಲ. ದ್ವೀಪ ಬಿಟ್ಟಾಗ ಗೊಣಗಣ್ಣ, "ಇಷ್ಟು ವರ್ಷ ನಮ್ಮ ಲಾಂಚಿಗೆ ಬ್ರೆಡ್ಡು ಹತ್ತುತ್ತಿತ್ತು, ಇವತ್ತು ಬ್ರೆಡ್ಡಮ್ಮನೇ ಹತ್ತಿದ್ರು" ಅಂತ ಎಲ್ಲರಿಗೂ ಸಾರಿದ. ಜನವೋ ಜನ. ಕೋಳಿ ಬುಟ್ಟಿ, ಅಕಾರ್ಡಿಯನ್ನು, ಹೊಸ ಬಟ್ಟೆ ಹೊಲಿಸಿಕೊಂಡ ಹುಡುಗಿಯರು. ನಾನು ಬನ್ನಿನ ಡಬ್ಬ ಮಡಿಲಲ್ಲಿಟ್ಟುಕೊಂಡು ಮುಂಭಾಗದಲ್ಲೇ ಕೂತಿದ್ದೆ. ಮೊದಲು ದೀಪಸ್ತಂಭ ಕಂಡಿತು, ಆಮೇಲೆ ಕ್ರೇನುಗಳು, ಆಮೇಲೆ ಬ್ಯಾಂಡಿನ ಸದ್ದು ನೀರಿನ ಮೇಲೆ ತೇಲಿ ಬಂತು. ಇಷ್ಟು ಸಂಭ್ರಮದ ಊರಲ್ಲಿ ನನ್ನ ಮಗಳಿದ್ದಾಳೆ, ಅವಳಿಗೆ ಒಳ್ಳೆಯದಾಗದೆ ಇರುತ್ತದೆಯೇ ಅಂದುಕೊಂಡೆ. ಆ ನೂಕುನುಗ್ಗಲಲ್ಲಿ ನಿನ್ನ ಹಳದಿ ತಲೆಬಟ್ಟೆ ಕಂಡಿತು.

ಸುತ್ತಿ ಬಳಸುತ್ತಿದ್ದೇನೆ. ನನಗೇ ಗೊತ್ತಾಗುತ್ತಿದೆ.

ನಾನು ಈಸ್ಟು ತರಲು ಹೋಗಿರಲಿಲ್ಲ. ಹಬ್ಬದ ಸಂಜೆ ನೀವು ವೀಲಿನ ಮೇಲಿದ್ದಾಗ ಆ ಹೊಸಬಳು ನನ್ನ ಪಕ್ಕ ಬಂದು ಕೂತಳು. ಗುಮಾಸ್ತ ದೂರದಲ್ಲಿ ಯಾರ ಜೊತೆಗೋ ಮಾತಾಡುತ್ತಿದ್ದ. ನನ್ನ ಕಡೆ ನೋಡದೆಯೇ, "ನಾಳೆ ಬೆಳಿಗ್ಗೆ ಒಂದ್ಸಲ ಮನೆ ಕಡೆ ಬನ್ನಿ ಅಮ್ಮ. ಒಬ್ಬರೇ ಬನ್ನಿ. ಇವರು ಆಗ ಗೋದಾಮಿಗೆ ಹೋಗಿರ್ತಾರೆ" ಅಂದಳು. ಏನೋ ಒಳ್ಳೆಯದೇ ಇರಬೇಕು ಅಂದುಕೊಂಡು ಹೋದೆ.

ಬಾಗಿಲು ತೆಗೆದಳು. ಮನೆಯಲ್ಲಿ ಏನೂ ಇರಲಿಲ್ಲ. ಗೋಡೆಗೆ ಒತ್ತಿ ಮರದ ಪೆಟ್ಟಿಗೆಗಳು, ಮೊಳೆ ಹೊಡೆದಿತ್ತು. "ಕುರ್ಚಿ ಎಲ್ಲ ಕಟ್ಟಿಬಿಟ್ಟಿದ್ದೀವಿ, ಇದರ ಮೇಲೇ ಕೂತ್ಕೊಳ್ಳಿ" ಅಂದಳು. ಕೂತೆ.

"ಇವರಿಗೆ ಕಡಲಾಚೆ ಕೆಲಸ ಸಿಕ್ಕಿದೆ ಅಮ್ಮ. ಹದಿನೈದಕ್ಕೆ ಹಡಗು."

"ಯಾವಾಗ ಬರ್ತೀರಿ?"

ಅವಳು ಪೆಟ್ಟಿಗೆಯ ಮೇಲಿನ ಧೂಳು ಒರೆಸಿದಳು. "ಬರೋ ಮಾತು ಇವರು ಆಡ್ತಾ ಇಲ್ಲ."

"ನನ್ನ ಮಗಳಿಗೆ?"

"ಹೇಳ್ಬೇಡ ಅಂದಿದಾರೆ. ಬಂದು ರಂಪ ಮಾಡಿದ್ರೆ ಮಗು ಹೆದರುತ್ತೆ ಅಂತಾರೆ. ಕೊನೇದಾಗಿ ಒಂದ್ಸಲ ಕಣ್ತುಂಬ ನೋಡ್ಕೊಳ್ಳಲಿ ಅಂತ ನಾನೇ ಹಟ ಮಾಡಿ ನಿನ್ನೆ ಕರೆಸಿದೆ. ಅದಕ್ಕಿಂತ ನನ್ನ ಕೈಲಿ ಏನೂ ಆಗಲ್ಲ ಅಮ್ಮ. ಆದ್ರೆ ಇದನ್ನ ಹೊಟ್ಟೇಲಿ ಇಟ್ಕೊಂಡು ಹಡಗು ಹತ್ತೋಕೆ ನನಗೆ ಆಗಲ್ಲ. ನೀವು ಹೇಳಿ, ಬಿಡಿ. ನಿಮ್ಮ ಮಗಳು."

ಅವಳ ಎದೆಯ ಬಿಸಿ ತುಪ್ಪ ನನ್ನ ಬಾಯಿಗೆ ಬಿತ್ತು. ಉಗುಳಲೂ ಆಗದು, ನುಂಗಲೂ ಆಗದು. ಒಳಗಿನ ರೂಮಲ್ಲಿ ಬಟಾಣಿ ಇನ್ನೂ ಮಲಗಿದ್ದಳು. ಬಾಗಿಲ ಸಂದಿಯಿಂದ ಒಂದು ಪಾದ ಕಂಡಿತು. ಅಷ್ಟು ನೋಡಿ ಬಂದೆ.

ಕಟ್ಟೆಗೆ ಬಂದಾಗ ನೀನು ನನ್ನ ಚೀಲ ಹಿಡಿದು ನಿಂತಿದ್ದೆ. ಮುಖದಲ್ಲಿ ಏನು ಕಳೆ! ಹತ್ತು ವರ್ಷ ಹಿಂದಕ್ಕೆ ಹೋಗಿದ್ದೆ ನೀನು. ನಿನ್ನ ಕೈಯಲ್ಲಿ ಅವಳು ಅರ್ಧ ತಿಂದು ಬಿಟ್ಟ ಬನ್ನಿತ್ತು, ಅದನ್ನೇ ತಿನ್ನುತ್ತಿದ್ದೆ. ನಾನು "ಮಗಳೇ" ಅಂದೆ. ನೀನು "ಏನಮ್ಮ?" ಅಂದೆ. ನಾನು ಹೇಳಬೇಕು ಅಂತಲೇ ಬಾಯಿ ತೆಗೆದೆ. "ಚಳಿ ಬೀಳುತ್ತೆ, ಕಿವಿ ಮುಚ್ಚೋ ಹಾಗೆ ಕಟ್ಕೋ" ಅಂದೆ. ಲಾಂಚು ಸಿಳ್ಳೆ ಹಾಕಿತು.

ಎಷ್ಟೋ ವರ್ಷದ ಮೇಲೆ ನೀನು ನಕ್ಕಿದ್ದೆ ಮಗಳೇ. ಆ ನಗುವಿನ ಮೇಲೆ ನನ್ನ ಕೈಯಿಂದಲೇ ಮಣ್ಣು ಹಾಕಲಾರದೆ ಹೋದೆ. ಈಗ ಹಾಕುತ್ತಿದ್ದೇನೆ. ಈ ಕಾಗದ ನಾಳೆ ನಿನ್ನ ಕೈ ಸೇರುತ್ತದೆ. ಹದಿನೈದಕ್ಕೆ ಇನ್ನೂ ಸಮಯವಿದೆ. ಕೈಯಲ್ಲಿರುವ ಕೆಲಸ ಬಿಟ್ಟು ಹೋಗು. ತಡೆಯಲು ಆಗದಿದ್ದರೂ ಹೋಗಿ ಬರುತ್ತೇನೆ ಅಂತಾದರೂ ಹೇಳಿಸಿಕೊ.

ಅಮ್ಮ

ಹನ್ನೆರಡನೇ ತಾರೀಖು. ಲಾಂಚು ಬಿಟ್ಟಿಲ್ಲ. ಕಡಲು ಹುಚ್ಚೆದ್ದಿದೆ. ಕಾಗದ ಗೊಣಗಣ್ಣನ ಚೀಲದಲ್ಲೇ ಇದೆ. ಅವನ ಕಾಲಿಗೆ ಬೀಳುವುದೊಂದು ಬಾಕಿ. "ನಿಮ್ಮ ಕಾಗದಕ್ಕೆ ಇಷ್ಟು ಜನರ ಜೀವ ಕೊಡ್ಲಾ ಅಮ್ಮ?" ಅನ್ನುತ್ತಾನೆ.

ಹದಿನಾರು. ಇವತ್ತು ಅವನ ಹತ್ತಿರ ಕಾಗದ ವಾಪಸು ತೆಗೆದುಕೊಂಡೆ. ಭಟ್ಟಿಗೆ ಹಾಕೋಣ ಅನ್ನಿಸಿತು. ಹಾಕಲಿಲ್ಲ. ಅಲೆ ಇಳಿದಮೇಲೆ ಕಳಿಸುತ್ತೇನೆ.


ಅಕ್ಟೋಬರ್ ೨೯

ನಿನ್ನ ಕಾಗದ ಸಿಕ್ಕಿತು.

ಅದನ್ನು ಕೈಯಲ್ಲಿ ಹಿಡಿದುಕೊಂಡೇ ಆ ಮನೆಗೆ ಓಡಿದೆ. ಹಡಗು ಹೋಗಿ ಎಷ್ಟೋ ದಿನವಾಗಿದೆ ಅಂತ ಓದಿಯೂ ಓಡಿದೆ. ಬಾಗಿಲು ತೆರೆದಿತ್ತು. ಒಳಗೆ ಒಬ್ಬ ಸುಣ್ಣ ಬಳಿಯುತ್ತಿದ್ದ.

"ಯಾರು ಬೇಕಿತ್ತಮ್ಮ?"

"ಇಲ್ಲಿದ್ದವರು."

"ಅವರು ಹೋದ್ರಲ್ಲ, ಹಡಗಲ್ಲಿ. ನೀವು ಏನಾಗ್ಬೇಕು?"

ಏನಾಗಬೇಕು ಅಂತ ಹೇಳಲಿ? ಅವನು ಒಳ್ಳೆಯವನು, ಏಣಿಯಿಂದ ಇಳಿದು ನೀರು ಕೊಟ್ಟ. "ಆ ಮಗು ತುಂಬ ಅತ್ತಿತಂತೆ ನೋಡಿ" ಅಂದ. "ಯಾಕೆ?" ಅಂದೆ. "ಬೆಕ್ಕನ್ನ ಹಡಗಿಗೆ ಬಿಡಲಿಲ್ವಂತೆ. ಇಲ್ಲೇ ಓಡಾಡ್ಕೊಂಡಿರುತ್ತೆ, ಬೇಕಾದ್ರೆ ತಗೊಂಡು ಹೋಗಿ."

ಅವಳಿಗೆ ಬೆಕ್ಕಿತ್ತು ಅಂತ ನನಗೆ ಗೊತ್ತಿರಲಿಲ್ಲ. ಹಿತ್ತಲ ಕಟ್ಟೆಯ ಮೇಲೆ ಕೂತಿತ್ತು, ಕಂದು ಬಣ್ಣದ್ದು, ಒಂದು ಕಿವಿ ಹರಿದದ್ದು. ನಾನು ಅದನ್ನು ನೋಡುತ್ತ ನಿಂತೆ. ಅದಕ್ಕಾಗಿ ಅತ್ತಳು. ಒಂದು ಬೆಕ್ಕಿನ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ಕಲ್ಲು ತೆಗೆದುಕೊಂಡು ಹೊಡೆದೆ. ತಾಗಲಿಲ್ಲ.

ಬಟಾಣಿಯ ಅಪ್ಪನ ಬಗ್ಗೆ ನನಗೆ ಆಶ್ಚರ್ಯವಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವವನು. ಊಟಕ್ಕೆ ಬಾ ಅಂದನಲ್ಲ, ಅದೂ ಅವನಿಗೆ ಸಹಜವೇ. ಆದರೆ ನೀನು? ಅವನು ನನಗೆ ಹುಚ್ಚು ಅಂದ. ಕೋರ್ಟು, ಇವಳಿಗೆ ತಡೆದುಕೊಳ್ಳುವ ಶಕ್ತಿಯಿಲ್ಲ ಅಂದಿತು. ಆ ಬೆಳಿಗ್ಗೆ ಕಟ್ಟೆಯ ಮೇಲೆ ನೀನೂ ಅದನ್ನೇ ಅಂದೆ. ನನ್ನ ಮುಖ ನೋಡಿ, ಇವಳಿಗೆ ತಡೆಯಲಾಗದು ಅಂತ ತೀರ್ಮಾನ ಮಾಡಿದೆ. ಆ ಮನೆಗೂ ನನಗೂ ನಡುವೆ ನಾಲ್ಕು ಬೀದಿ ಇತ್ತು. ಹಬ್ಬದ ಮಾರನೆಯ ದಿನದಿಂದ ಹದಿನೈದರ ತನಕ ಪ್ರತಿ ಬೆಳಿಗ್ಗೆ ನಾನು ಅವಳ ಶಾಲೆಯ ದಾರಿಯಲ್ಲಿ ನಿಲ್ಲಬಹುದಿತ್ತು. ನಾನು ಲಾಂಡ್ರಿಯಲ್ಲಿ ನಿಂತು ಹಾಡುತ್ತಿದ್ದೆ.

ಹಡಗು ಹೊರಟ ದಿನ ಅದರ ಕೂಗು ನನಗೂ ಕೇಳಿರುತ್ತದೆ. ದಿನಾ ಯಾವುದೋ ಹಡಗು ಕೂಗುತ್ತದೆ. ತಲೆಯೆತ್ತಿಯೂ ನೋಡಿರುವುದಿಲ್ಲ.

ಇನ್ನು ಬರೆಯಬೇಡ.


ನವೆಂಬರ್ ೬

ಮಗಳೇ,

ಬರೆಯಬೇಡ ಅಂದೆ. ಇದೊಂದು.

ಅಲೆ ಇಳಿದು ಲಾಂಚು ಹೋದ ದಿನವೇ ಸಂಜೆ ಅದೇ ಲಾಂಚು ನೀನು ಏಳಕ್ಕೆ ಬರೆದ ಕಾಗದ ತಂದಿತು. ಗೊಣಗಣ್ಣ ದೂರದಿಂದಲೇ "ಬಂತಮ್ಮ, ಬಂತು!" ಅಂತ ಕೂಗಿದ. ನನ್ನದು ಅಷ್ಟರಲ್ಲಿ ನಿನ್ನ ಕೈ ಸೇರಿತ್ತು. ಭಟ್ಟಿಯ ಮುಂದೆ ನಿಂತು ಓದಿದೆ. ಹೊಟ್ಟೆಯಲ್ಲಿ ಕತ್ತಲೆ ಇತ್ತಾ ಅಂತ ಕೇಳಿದಳಂತಲ್ಲ. ಒಲೆಯ ಬ್ರೆಡ್ಡೆಲ್ಲ ಸೀದು ಇದ್ದಿಲಾಯಿತು.

ನೀನು ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ನಿನಗೆ ಶಕ್ತಿಯಿಲ್ಲ ಅಂತ ಅಂದುಕೊಂಡೆ ಅಂತೀಯಲ್ಲ, ಹೇಳುವ ಶಕ್ತಿ ನನಗಿರಲಿಲ್ಲ ಅನ್ನುವುದು ಅದಕ್ಕಿಂತ ನಿಜ. ಹೊಟ್ಟೆಗೆ ಹಾಕಿಕೊ ಅಂತ ಕೇಳುವುದಿಲ್ಲ. ಊಟ ಬಿಡಬೇಡ.

ಅಮ್ಮ


ಜನವರಿ ೧೭

ಮಗಳೇ,

ಮೇಷ್ಟ್ರ ಕೈಯಲ್ಲಿ ಹಡಗಿನ ಕಂಪನಿಗೆ ಅರ್ಜಿ ಬರೆಸಿದ್ದೆ. ಪ್ರಯಾಣಿಕರ ವಿಳಾಸ ಯಾರಿಗೂ ಕೊಡುವುದಿಲ್ಲ ಅಂತ ಎರಡು ಸಾಲು ಬಂದಿದೆ. ಕೋರ್ಟಿಗೂ ಬರೆಸಿದೆ. ಆ ದೇಶದಲ್ಲಿ ತಮ್ಮ ಮಾತು ನಡೆಯದಂತೆ. ಮೇಷ್ಟ್ರು ಕನ್ನಡಕ ತೆಗೆದು, "ಮೊಮ್ಮಗಳು ದೊಡ್ಡವಳಾದ ಮೇಲೆ ತಾನೇ ಹುಡುಕ್ಕೊಂಡು ಬರ್ತಾಳೆ ಬಿಡಿ" ಅಂದರು. ದೊಡ್ಡವಳಾಗುವ ಹೊತ್ತಿಗೆ ಈ ಆರು ವರ್ಷದ್ದು ಏನು ನೆನಪಿರುತ್ತದೆ ಅಂತ ನಾನು ಕೇಳಲಿಲ್ಲ. ಅವರು ಒಳ್ಳೆಯ ಮನಸ್ಸಿನಿಂದ ಹೇಳಿದ್ದು.

ನೀನು ಅದೇ ರೂಮಿನಲ್ಲಿದ್ದೀಯ ಅಂತ ಗೊಣಗಣ್ಣ ಹಗ್ಗದಂಗಡಿಯಲ್ಲಿ ಕೇಳಿಕೊಂಡು ಬಂದ. ಅಷ್ಟು ಸಾಕು.

ಅಮ್ಮ


ಸೆಪ್ಟೆಂಬರ್ ೧೯

ಮಗಳೇ,

ನಿನ್ನಿಂದ ಒಂದು ಸಾಲೂ ಇಲ್ಲದೆ ವರ್ಷ ತಿರುಗಿತು. ಮಕ್ಕಳ ಮುಖ ಕಾಣದೆ ಇರುವುದು ಹೇಗೆ ಅಂತ ನಿನ್ನನ್ನು ಕೇಳಬೇಕು ಅಂತಿದ್ದೆ. ಕೇಳಬೇಕಾಗಿಲ್ಲ, ಈಗ ನನಗೂ ಬಂದಿದೆ.

ಹಬ್ಬದ ದಿನ ಬೆಳಗಿನ ಲಾಂಚಿಗೆ ಬರುತ್ತೇನೆ. ನೀನು ಕಟ್ಟೆಗೆ ಬರಬೇಕು ಅಂತಿಲ್ಲ. ರೂಮು ನನಗೆ ಗೊತ್ತು.

ಅಮ್ಮ


ಅಕ್ಟೋಬರ್ ೬

ಅಮ್ಮ,

ನೀನು ಬಂದಾಗ ನಾನು ರೂಮಿನಲ್ಲೇ ಇದ್ದೆ.

ಲಾಂಚಿನಿಂದ ಇಳಿಯುವುದರಿಂದ ಹಿಡಿದು ನಿನ್ನನ್ನು ನೋಡಿದೆ. ಕಿಟಕಿಯ ಒಂದು ಹಲಗೆ ಓರೆ ಮಾಡಿದರೆ ಕಟ್ಟೆ ಪೂರ್ತಿ ಕಾಣುತ್ತದೆ. ನೀನು ಆ ಜನಜಂಗುಳಿಯಲ್ಲಿ ನಿಂತು ಒಬ್ಬೊಬ್ಬ ಹೆಂಗಸಿನ ತಲೆಯನ್ನೂ ನೋಡಿದೆ. ಆಮೇಲೆ ಅಂಗಡಿಗೆ ಬಂದೆ. ಕೇಳಿದರೆ ಇಲ್ಲ ಅನ್ನಿ, ಕೆಲಸಕ್ಕೆ ಹೋಗಿದ್ದಾಳೆ, ಯಾವಾಗ ಬರುತ್ತಾಳೋ ಗೊತ್ತಿಲ್ಲ ಅನ್ನಿ ಅಂತ ನಾನೇ ಅಂಗಡಿಯವರಿಗೆ ಹೇಳಿಕೊಟ್ಟಿದ್ದೆ. ಅವರು ಅಂದದ್ದು ನನಗೆ ಮೇಲೆ ಕೇಳಿಸಿತು. ನೀನು "ಪರವಾಗಿಲ್ಲ, ಇಲ್ಲೇ ಕೂತಿರ್ತೀನಿ" ಅಂದದ್ದೂ ಕೇಳಿಸಿತು.

ಇಳಿದು ಬರುತ್ತೇನೆ ಅಂದುಕೊಂಡೆ. ಮೊದಲು ಮೂರು ಮೆಟ್ಟಿಲು ಇಳಿದೆ. ನಿನ್ನ ಬೆನ್ನು ಕಂಡಿತು. ಮತ್ತೆ ಹತ್ತಿದೆ.

ನೀನು ಅಂಗಡಿಯ ಮುಂದಿನ ಹಗ್ಗದ ಸುರುಳಿಯ ಮೇಲೆ ಕೂತೆ. ಬ್ಯಾಂಡಿನವರು ಹೋದರು. ಕುಡಿದ ನಾವಿಕರು ಕುಣಿಯುತ್ತ ಬಂದರು. ಅವರಲ್ಲೊಬ್ಬ ನಿನ್ನ ತಲೆಯ ಮೇಲೆ ಬಣ್ಣದ ಕಾಗದದ ಟೋಪಿ ಇಟ್ಟು ಹೋದ. ನೀನು ತೆಗೆಯಲಿಲ್ಲ. ಮರೆತೆಯೋ, ತೆಗೆಯುವ ಮನಸ್ಸಿರಲಿಲ್ಲವೋ. ಅದೇ ಟೋಪಿ ಹಾಕಿಕೊಂಡು, ಮಡಿಲಲ್ಲಿ ಡಬ್ಬ ಇಟ್ಟುಕೊಂಡು ಸಂಜೆಯ ತನಕ ಕೂತಿದ್ದೆ. ಮಕ್ಕಳು ನಿನ್ನನ್ನು ನೋಡಿ ನಗುತ್ತಿದ್ದವು. ನೀನೂ ನಗುತ್ತಿದ್ದೆ.

ಆ ಬಾಗಿಲಲ್ಲಿ ನಿಂತು "ಮಲಗಿದ್ದಾಳೆ" ಅನ್ನುವುದು ಎಷ್ಟು ಕಷ್ಟವೋ ಅಂತ ಒಮ್ಮೊಮ್ಮೆ ಅಂದುಕೊಳ್ಳುತ್ತಿದ್ದೆ. ಕಷ್ಟವಿಲ್ಲ ಅಮ್ಮ. ಸುಮ್ಮನೆ ಒಳಗಿದ್ದರೆ ಸಾಕು, ಹೊತ್ತು ತಾನಾಗಿ ಹೋಗುತ್ತದೆ. ಒಬ್ಬ ತಾಯಿಯನ್ನು ಬಾಗಿಲಲ್ಲಿ ಕಾಯಿಸುವಷ್ಟು ಸುಲಭದ ಕೆಲಸ ಇನ್ನೊಂದಿಲ್ಲ.

ನೀನು ಹೇಳಿದ್ದರೆ ನಾನು ಏನು ಮಾಡುತ್ತಿದ್ದೆ ಅಂತ ವರ್ಷವೆಲ್ಲ ಯೋಚಿಸಿದೆ. ಆ ಮನೆಯ ಮುಂದೆ ಹೋಗಿ ಚೀರಾಡುತ್ತಿದ್ದೆ. ಬಟಾಣಿ ಹೆದರಿ ಅವಳ ಅಮ್ಮನ ಸೆರಗಿನೊಳಗೆ ಸೇರಿಕೊಳ್ಳುತ್ತಿದ್ದಳು. ಅವಳಿಗೆ ನನ್ನ ನೆನಪು ಅಂತ ಏನಾದರೂ ಉಳಿದರೆ ಅದು ಉಳಿಯುತ್ತಿತ್ತು. ನೀನು ಮಾಡಿದ್ದೇ ಸರಿಯಿರಬಹುದು. ಸರಿ ಅಂತ ಗೊತ್ತಾದರೂ ನನ್ನ ಕೈಯಲ್ಲಿ ಆಗುತ್ತಿಲ್ಲ. ಗೊತ್ತಾದರೆ ಆಗುತ್ತದೆ ಅಂದುಕೊಂಡಿದ್ದೆ.

ಮುಂದಿನ ವರ್ಷ ಬರಬೇಡ. ಬಂದರೂ ನಾನು ಇಳಿದು ಬರುತ್ತೇನೆ ಅಂತ ಹೇಳಲಾರೆ. ನಾನು ಇನ್ನು ಯಾರ ಮಗಳೂ ಅಲ್ಲ, ಯಾರ ತಾಯಿಯೂ ಅಲ್ಲ ಅನ್ನುವ ಹಾಗಿದ್ದರೆ ಮಾತ್ರ ಬೆಳಿಗ್ಗೆ ಎದ್ದು ಯಂತ್ರದ ಮುಂದೆ ನಿಲ್ಲಲು ಆಗುತ್ತದೆ.

ನೀನು ಲಾಂಚಿಗೆ ನಡೆದು ಹೋಗುವಾಗ ನೋಡಿದೆ. ಎಡಗಾಲು ಊದಿಕೊಂಡಿದೆ, ಚಪ್ಪಲಿಯ ಪಟ್ಟಿ ಒತ್ತುತ್ತಿತ್ತು. ಭಟ್ಟಿಯ ಮುಂದೆ ನಿಂತೇ ಇರಬೇಡ. ಡಾಕ್ಟರಿಗೆ ತೋರಿಸಿಕೊ.